ನಿಮ್ಮಿಷ್ಟ ಎಂದ ಗುಮಾಸ್ತ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಬಿಡುವಿನ ವೇಳೆಯಲ್ಲಿ ಲೇಸರ್ ಯಂತ್ರದಿಂದ ಮರದ ಮೇಲೆ, ಪಾತ್ರೆಯ ಮೇಲೆ ಜನ ಹೇಳಿದ ಹೆಸರು ಕೆತ್ತಿಕೊಡುತ್ತೇನೆ. ಅದು ನನ್ನ ಹವ್ಯಾಸ, ಹೊಟ್ಟೆಪಾಡಲ್ಲ. ಎಷ್ಟು ಕೊಡಬೇಕು ಎಂದು ಕೇಳಿದರೆ ಬೆಲೆ ಹೇಳಲು ನಾಚಿಕೆ. 'ನಿಮ್ಮಿಷ್ಟ' ಎಂದುಬಿಡುತ್ತೇನೆ. ಇದು ತಪ್ಪೇ?"

ಗುರುಗಳು ಹೇಳಿದರು: "ತಪ್ಪೋ ಸರಿಯೋ ಆಮೇಲೆ ನೋಡೋಣ. ನಿನ್ನ ಹಾಗೇ ನಾಚಿಕೊಳ್ಳುತ್ತಿದ್ದ ಒಬ್ಬನ ಕತೆ ಕೇಳು."

ಒಂದು ಪೇಟೆಯಲ್ಲಿ ಒಬ್ಬ ಗುಮಾಸ್ತನಿದ್ದ. ಕಚೇರಿ ಮುಗಿದ ಮೇಲೆ ಉಳಿ, ಸುತ್ತಿಗೆ ಹಿಡಿದು ಪಾತ್ರೆಗಳ ಮೇಲೆ ಹೆಸರು ಬರೆಯುವುದೆಂದರೆ ಅವನಿಗೆ ಪ್ರಾಣ. ಅದೇ ಪೇಟೆಯ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕುಳಿತು ಇದೇ ಕೆಲಸದಿಂದ ಬದುಕುವ ಒಬ್ಬ ಕೆತ್ತನೆಗಾರನೂ ಇದ್ದ. ಅವನದು ಅಕ್ಷರಕ್ಕೆ ಇಷ್ಟು ಎಂದು ಖಡಾಖಂಡಿತ ಲೆಕ್ಕ. ಎಷ್ಟು ಗೋಗರೆದರೂ ಒಂದು ಕಾಸು ಬಿಡುತ್ತಿರಲಿಲ್ಲ. ಗುಮಾಸ್ತ ಮಾತ್ರ "ನಿಮ್ಮಿಷ್ಟ" ಎನ್ನುತ್ತಿದ್ದ. ಒಬ್ಬರು ತೆಂಗಿನಕಾಯಿ ಕೊಟ್ಟರು, ಇನ್ನೊಬ್ಬರು ಬರೀ ನಗು ಕೊಟ್ಟರು. ಅಕ್ಷರ ಏರುಪೇರಾದಾಗ ಜನ, ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂದುಕೊಂಡು ಪಾತ್ರೆ ತೆಗೆದುಕೊಂಡು ಹೋದರು. ಎದುರಿಗೆ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಬೆಲೆ ಹೇಳಿದರೆ ಹವ್ಯಾಸ ಕೆಟ್ಟು ವ್ಯಾಪಾರವಾಗುತ್ತದೆ ಎಂದು ಗುಮಾಸ್ತ ಗಟ್ಟಿಯಾಗಿ ನಂಬಿದ್ದ.

ಒಮ್ಮೆ ಒಬ್ಬ ಮುದುಕಿ ಹಿತ್ತಾಳೆಯ ಚೊಂಬು ತಂದಳು. ತಾಯಿಯದೆಂದು ಆಕೆಯ ಬಳಿ ಉಳಿದಿದ್ದುದು ಅದೊಂದೇ. ಅದರ ಮೇಲೆ ತಾಯಿಯ ಹೆಸರು ಬರೆಸಿ ಮೊಮ್ಮಗಳ ಮದುವೆಗೆ ಕೊಡಬೇಕೆಂದು ಆಕೆಗೆ ಆಸೆ. ಗುಮಾಸ್ತ ಒಪ್ಪಿಕೊಂಡ.

ಚೊಂಬು ಸವೆದು ತೆಳ್ಳಗಾಗಿತ್ತು. ಇಂಥದ್ದು ಉಳಿಯ ಪೆಟ್ಟು ತಡೆಯಬೇಕಾದರೆ ಒಳಗೆ ಅರಗು ಕರಗಿಸಿ ತುಂಬಿ, ಅದು ಗಟ್ಟಿಯಾದ ಮೇಲೆ ಉಳಿ ಇಡಬೇಕು. ಕೆಲಸ ಮುಗಿದ ಮೇಲೆ ಕಾಯಿಸಿ ಅರಗು ತೆಗೆಯಬೇಕು. ಅರ್ಧ ದಿನದ ಕೆಲಸ. ಗುಮಾಸ್ತನಿಗೆ ಇದು ಗೊತ್ತಿತ್ತು. ಬಂದರೆ ಒಂದು ತೆಂಗಿನಕಾಯಿ ಬರುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎನ್ನಿಸಿತು. ಬರಿಯ ಚೊಂಬಿನ ಮೇಲೆಯೇ ಉಳಿ ಇಟ್ಟ. ಮೂರನೆಯ ಅಕ್ಷರಕ್ಕೆ ಚೊಂಬು ತೂತಾಯಿತು.

ಮುದುಕಿ ಬಂದಾಗ ಅವನು, "ತಪ್ಪಾಯ್ತಮ್ಮ. ನೀವೇನೂ ಕೊಡಬೇಡಿ," ಎಂದ.

ಆಕೆ ತೂತಿನ ಮೇಲೆ ಬೆರಳಿಟ್ಟು ನೋಡಿದಳು. "ಇರಲಿ ಬಿಡಪ್ಪ," ಎಂದು ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ದಾರಿಯುದ್ದಕ್ಕೂ ಅತ್ತಳು. ಗುಮಾಸ್ತನಿಗೆ ಅದು ತಿಳಿಯಲಿಲ್ಲ. ಎಂಥ ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡು ಹೊಟ್ಟೆತುಂಬ ಉಂಡ.

ಮದುವೆಗೆ ಉಡುಗೊರೆ ಬೇಕೇ ಬೇಕಲ್ಲ. ಮುದುಕಿ ಹೊಸ ಚೊಂಬು ಕೊಂಡು, ಜಗಲಿಯ ಕೆತ್ತನೆಗಾರನ ಕೈಗೆ ಕೊಟ್ಟಳು. ಎರಡು ದಿನದ ಮೇಲೆ ಗುಮಾಸ್ತ ಆ ದಾರಿಯಲ್ಲಿ ಬಂದಾಗ ಅಂಗಡಿಯ ಮುಂದೆ ಜನ ಸೇರಿದ್ದರು. ಮುದುಕಿಯ ದನಿ ಬೀದಿಗೆಲ್ಲ ಕೇಳುತ್ತಿತ್ತು.

"ಸಾಲು ಸೊಟ್ಟಗೆ ಹೋಗಿದೆ, ಕಣ್ಣು ಕಾಣಲ್ವೇನಯ್ಯ? ನಾನೇನು ಪುಕ್ಕಟೆ ಬರೆಸ್ತಿದ್ದೀನಾ?"

ಕೆತ್ತನೆಗಾರ ಅಂಗಡಿಯಿಂದ ಅಂಥದೇ ಇನ್ನೊಂದು ಚೊಂಬು ತರಿಸಿ ಮತ್ತೆ ಬರೆಯಲು ಕುಳಿತ. ಕೆಟ್ಟುಹೋಗುವ ಪಾತ್ರೆಯ ನಷ್ಟವನ್ನೂ ಅವನು ಅಕ್ಷರದ ಬೆಲೆಯಲ್ಲಿ ಮೊದಲೇ ಸೇರಿಸಿಕೊಂಡಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ತಾಯಿಯ ಚೊಂಬನ್ನೇ ತೂತು ಮಾಡಿದ ಗುಮಾಸ್ತನನ್ನು ಆಕೆ ಬೈಯಲಿಲ್ಲ. ಸೊಟ್ಟ ಸಾಲಿಗಾಗಿ ಕೆತ್ತನೆಗಾರನ ಮಾನ ಹರಾಜು ಹಾಕಿದಳು. ಹಾಗಾದರೆ ಗುಮಾಸ್ತನ ಮೇಲೆಯೇ ಆಕೆಗೆ ಪ್ರೀತಿ ಹೆಚ್ಚು ಎಂದಾಯಿತಲ್ಲವೇ?"

ಗುರುಗಳು ಹೇಳಿದರು: "ಬೈಯುವ ಹಕ್ಕನ್ನು ಆಕೆ ಕೆತ್ತನೆಗಾರನಿಂದ ದುಡ್ಡು ಕೊಟ್ಟು ಕೊಂಡಿದ್ದಳು, ಗುಮಾಸ್ತ ಅದನ್ನು ಮಾರಲೇ ಇಲ್ಲ."