ಉತ್ತರ ಬಾರದ ಮೂರು ಕರೆಗಳು

“ಗುರುಗಳೇ, ಈಗ ಕೋಡನ್ನು ಎಐ ಬರೆಯುತ್ತದೆ. ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ತಾನೇ ಬರೆದು ತಾನೇ ನಡೆಸುತ್ತದೆ. ನಾನು ತಿಂಗಳುಗಟ್ಟಲೆ ಓದಿದ್ದೇನೆ, ಒಂದು ತಪ್ಪೂ ಸಿಕ್ಕಿಲ್ಲ. ಬಳಕೆಗೆ ಬಿಡುವ ಮುನ್ನ ಮನುಷ್ಯರು ಅದನ್ನು ಓದಲೇಬೇಕೆ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಕ್ಷಯದ ಆಸ್ಪತ್ರೆಯಿತ್ತು. ಕ್ಷಯದವರು ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮೊದಲಿಗಿಂತ ಬಲವಾಗಿ ತಿರುಗಿ ಬರುತ್ತದೆ. ಆದ್ದರಿಂದ ಆಸ್ಪತ್ರೆಯ ಕಂಪ್ಯೂಟರು ದಿನಾ ಬೆಳಿಗ್ಗೆ ಪ್ರತಿ ರೋಗಿಗೂ ಫೋನ್ ಮಾಡಿ, ಮಾತ್ರೆ ತೆಗೆದುಕೊಂಡಿದ್ದರೆ ಒಂದನ್ನು ಒತ್ತಿ ಎನ್ನುತ್ತಿತ್ತು. ಮೂರು ದಿನ ಒತ್ತದೇ ಇದ್ದವರ ಹೆಸರು ನಾಲ್ಕನೆಯ ದಿನ ನರ್ಸಮ್ಮನ ಕೈಗೆ ಬರುತ್ತಿತ್ತು. ಆಕೆ ಅವರ ಮನೆ ಹುಡುಕಿಕೊಂಡು ಹೋಗಿ ನೋಡಿ ಬರುತ್ತಿದ್ದಳು.

ಆ ಕಂಪ್ಯೂಟರಿನ ಕೋಡು ವೃಷಭೇಂದ್ರ ಎಂಬವನ ಜವಾಬ್ದಾರಿ. ಮೊದಲು ಅವನ ಕೋಣೆಯಲ್ಲಿ ಐದು ಜನ ಕೂತು ಬರೆಯುತ್ತಿದ್ದರು. ಎಐ ಬಂದ ಮೇಲೆ ನಾಲ್ವರು ಬೇರೆ ಬೇರೆ ಕಡೆ ಹೋದರು. ಅದು ಬರೆದದ್ದನ್ನು ಓದಿ ಒಪ್ಪಿಗೆ ಕೊಡಲು ಇವನೊಬ್ಬ ಉಳಿದ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಆಡಲು ಎದುರಿಗೆ ಯಾರೂ ಇರಲಿಲ್ಲ.

ಎಂಟು ತಿಂಗಳು ಅವನು ಸಾಲು ಬಿಡದೆ ಓದಿದ. ತಪ್ಪು ಸಿಗಲಿಲ್ಲ. ಆಮೇಲೆ ಅಲ್ಲಲ್ಲಿ ಓದಿದ. ಆಗಲೂ ಏನೂ ಕೆಡಲಿಲ್ಲ. ಕೊನೆಗೆ ಓದುವುದನ್ನೇ ಬಿಟ್ಟು ಒಪ್ಪಿಗೆಯ ಗುಂಡಿ ಮಾತ್ರ ಒತ್ತತೊಡಗಿದ. ತಾನು ಓದಿದರೂ ಒಂದೇ, ಓದದಿದ್ದರೂ ಒಂದೇ ಎಂದು ತಿಳಿದ ದಿನ ಅವನ ಮನಸ್ಸು ಹಗುರಾಗಲಿಲ್ಲ, ಕುಗ್ಗಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಆಸ್ಪತ್ರೆಯವರು ಒಂದು ಬದಲಾವಣೆ ಕೇಳಿದರು. ಬಳಕೆಯಲ್ಲಿಲ್ಲದ ನಂಬರುಗಳಿಗೆ ಸುಮ್ಮನೆ ಕರೆ ಹೋಗುತ್ತಿದೆ, ಅದು ನಿಲ್ಲಬೇಕು ಎಂದರು. ಮೂರು ದಿನ ಸತತವಾಗಿ ಕರೆಗೆ ಉತ್ತರ ಬಾರದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುವಂತೆ ಎಐ ಬರೆಯಿತು. ಪರೀಕ್ಷೆಗಳೆಲ್ಲ ಪಾಸಾದವು. ವೃಷಭೇಂದ್ರ ಗುಂಡಿ ಒತ್ತಿದ. ಪಟ್ಟಿಯಿಂದ ಹೋದ ಹೆಸರು ನರ್ಸಮ್ಮನ ಕೈಗೂ ಬರುವುದಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ತನ್ನ ಪಟ್ಟಿ ಚಿಕ್ಕದಾಯಿತೆಂದು ಆಕೆ ಸಂತೋಷಪಟ್ಟಳು.

ಆ ಊರಿನಲ್ಲಿ ಮೌಲಾಸಾಬ ಎಂಬ ಗಾದಿ ಹೊಲಿಯುವವನಿದ್ದ. ಒಂಟಿ ಮನುಷ್ಯ. ಹತ್ತಿ ಹಿಂಜಿ ಹಿಂಜಿ ಎದೆ ಕೆಟ್ಟು, ಕ್ಷಯ ಹತ್ತಿಕೊಂಡಿತ್ತು. ನಾಲ್ಕು ತಿಂಗಳು ಮಾತ್ರೆ ನುಂಗಿ ಮೈಯಲ್ಲಿ ಕಸುವು ಬಂದಿತ್ತು. ಆಗ ಮದುವೆಮನೆಯೊಂದರ ಗಾದಿ ಹೊಲಿಯಲು ಹಳ್ಳಿಗೆ ಹೋದ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೂರು ದಿನ ಕೆಲಸ ಮಾಡಿ, ಮೂರೂ ದಿನ ಮಾತ್ರೆ ನುಂಗಿ, ಮನೆಗೆ ಬಂದ. ಮರುದಿನ ಬೆಳಿಗ್ಗೆ ಫೋನ್ ಹಿಡಿದು ಕಾದ. ಕರೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರು ತಿಂಗಳ ಮೇಲೆ ಅಕ್ಕಪಕ್ಕದವರು ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಇವನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ ಎಂದು ಡಾಕ್ಟರು ಕೇಳಿದರು. ಆ ಪ್ರಶ್ನೆ ತಿರುಗಿ ತಿರುಗಿ ವೃಷಭೇಂದ್ರನ ಮೇಜಿಗೆ ಬಂತು.

ಅವನು ಆ ಕೋಡನ್ನು ಮೊದಲ ಸಲ ಓದಿದ. ಒಟ್ಟು ನಾಲ್ಕು ಸಾಲು. ಓದಲು ಒಂದು ನಿಮಿಷವೂ ಬೇಕಾಗಲಿಲ್ಲ. ಉತ್ತರ ಬಾರದ ನಂಬರೆಲ್ಲ ಬಳಕೆಯಲ್ಲಿಲ್ಲದ ನಂಬರಲ್ಲ, ನರ್ಸಮ್ಮ ಹುಡುಕಬೇಕಾದವರೂ ಅವರಲ್ಲೇ ಇದ್ದಾರೆ ಎಂಬುದು ಓದಿದೊಡನೆ ಹೊಳೆಯಿತು. ಕೆಳಗೆ ಪರಿಶೀಲಿಸಿದವರು ಎಂಬಲ್ಲಿ ತನ್ನ ಹೆಸರಿತ್ತು. ಅಂದೇ ಕೂತು, ಹಾಗೆ ಬಿಟ್ಟುಹೋದ ಇತರ ಹತ್ತು ಹೆಸರುಗಳನ್ನು ಹುಡುಕಿ ನರ್ಸಮ್ಮನಿಗೆ ಕೊಟ್ಟ. ಆ ಹತ್ತೂ ಜನ ಹೇಗೋ ಮಾತ್ರೆ ಬಿಟ್ಟಿರಲಿಲ್ಲ.

ಕರೆಗಳ ಧ್ವನಿ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಮೌಲಾಸಾಬನ ಕರೆಗಳನ್ನು ಅವನು ತೆರೆದು ಕೇಳಿದ. ಬೇರೆಯವರೆಲ್ಲ ಒಂದನ್ನು ಒತ್ತಿ ಫೋನ್ ಇಡುತ್ತಿದ್ದರು. ಮೌಲಾಸಾಬ ಒಂದನ್ನು ಒತ್ತಿದ ಮೇಲೂ ಮಾತಾಡುತ್ತಿದ್ದ. ಇವತ್ತು ಕೆಮ್ಮು ಕಡಿಮೆ ಎನ್ನುತ್ತಿದ್ದ. ರೊಟ್ಟಿ ಸೀದುಹೋಯಿತು ಎನ್ನುತ್ತಿದ್ದ. ನೀವು ಊಟ ಮಾಡಿದಿರಾ ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಫೋನ್ ಇಡುತ್ತಿದ್ದ. ವೃಷಭೇಂದ್ರ ತನ್ನ ಖಾಲಿ ಕೋಣೆಯಲ್ಲಿ ಎರಡು ದಿನ ಕೂತು ನಾಲ್ಕು ತಿಂಗಳ ಮಾತುಗಳನ್ನೆಲ್ಲ ಕೇಳಿದ.

ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತ. ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದ.

“ಫೋನ್ ಬರೂದು ನಿಂತಿತ್ತರಿ. ಗುಣ ಆಗೇತಿ, ಅದಕ್ಕ ಬಿಟ್ಟಾರ ಅಂತ ತಿಳಕೊಂಡ್ನಿ” ಎಂದ ಮೌಲಾಸಾಬ.

ವೃಷಭೇಂದ್ರ ತಾನು ಯಾರು, ತಾನು ಮಾಡಿದ್ದೇನು ಎಂಬುದನ್ನು ಮುಚ್ಚಿಡದೆ ಹೇಳಿದ. ಬೈಗುಳ ಬರುತ್ತದೆ ಎಂದುಕೊಂಡಿದ್ದ. ಮೌಲಾಸಾಬ ಬೈಯಲಿಲ್ಲ.

“ಹಂಗಾದ್ರ ನಾ ಮಾತಾಡಿದ್ದೆಲ್ಲ ನೀವು ಕೇಳತಿದ್ರೇನ್ರಿ?” ಎಂದು ಕೇಳಿದ.

ವೃಷಭೇಂದ್ರನಿಗೆ ಸುಳ್ಳು ಹೇಳಲಾಗಲಿಲ್ಲ. ಆಗ ಯಾರೂ ಕೇಳುತ್ತಿರಲಿಲ್ಲ, ತಾನು ಕೇಳಿದ್ದು ನಿನ್ನೆ ಮೊನ್ನೆ ಎಂದ. ಮೌಲಾಸಾಬ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಆಮೇಲೆ ಐದು ವಾರ ವೃಷಭೇಂದ್ರ ದಿನವೂ ಹೋಗಿ ಆ ಮಂಚದ ಪಕ್ಕ ಕೂತ. ಒಮ್ಮೊಮ್ಮೆ ಮೌಲಾಸಾಬ ಮಾತಾಡುತ್ತಿದ್ದ, ಇವನು ಕೇಳುತ್ತಿದ್ದ. ಹೊಸ ಮಾತ್ರೆಗಳು ಹಿಡಿಯಲಿಲ್ಲ. ಆರನೆಯ ವಾರ ಮೌಲಾಸಾಬ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಯೋಚಿಸಿ, “ಆದರೆ ಗುರುಗಳೇ, ಕೇಳಿದ್ದನ್ನೇ ಎಐ ಬರೆದಿತ್ತು. ಆ ನಾಲ್ಕು ಸಾಲಿನಲ್ಲಿ ತಪ್ಪೇ ಇರಲಿಲ್ಲ. ವೃಷಭೇಂದ್ರ ಓದಿದ್ದರೂ ಅವನಿಗೆ ಏನು ಸಿಗುತ್ತಿತ್ತು?” ಎಂದಳು.

ಗುರುಗಳು ಹೇಳಿದರು: “ಮೌಲಾಸಾಬ ಸಿಗುತ್ತಿದ್ದ.”