ಹುಣಸೆಬೀಜದ ದಪ್ಪ

ಬಾ, ಕಾಲು ಕಂಬಳಿ ಒಳಗೆ ಇಟ್ಕೋ. ನಿಮ್ಮಪ್ಪ ಇವತ್ತು ತರಕಾರಿ ಹೆಚ್ಚೋ ಚಾಕು ತಗೊಂಡು ತೆಂಗಿನಕಾಯಿ ಮೀಟೋಕೆ ಹೋಗಿ ಫಟ್ಟಂತ ಮುರಿದು ಹಾಕಿದ್ನಲ್ಲ, ಆಗಿನಿಂದ ನಂಗೆ ಹೊನ್ನಿ ಕತೆ ಬಾಯಿ ತುದೀಲೇ ಕೂತಿದೆ. ಹೇಳ್ತೀನಿ, ಆದ್ರೆ ಹೂಂ ಅಂತಾ ಇರಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಂತ್ಹೋಗುತ್ತೆ.

ಒಂದಾನೊಂದು ಕಾಲದಲ್ಲಿ, ಕಬ್ಬಿಣ ಇನ್ನೂ ಬೆಟ್ಟದ ಹೊಟ್ಟೇಲೇ ಮಲಗಿದ್ದು, ಬೇಕಾದೋರು ಹೋಗಿ ಕೈಮುಗಿದು ಕೇಳಿ ತರ್ತಿದ್ದ ಕಾಲದಲ್ಲಿ, ಕರಿಬೆಟ್ಟ ಅನ್ನೋ ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಿಗೆ ಇದ್ದಿದ್ದು ಒಂದೇ ಕುಲುಮೆ, ಆ ಕುಲುಮೆ ಮಲ್ಲಾಚಾರಿ ಅನ್ನೋ ಕಮ್ಮಾರನದು. ಅವನಿಗೆ ಮೂರು ಜನ ಮಕ್ಕಳು. ದೊಡ್ಡೋನು ವೀರಾಚಾರಿ, ಎರಡನೇವನು ಚೆನ್ನಾಚಾರಿ, ಕೊನೇವಳು ಹೊನ್ನಿ. ತಾಯಿ ಇರ್ಲಿಲ್ಲ. ಹೊನ್ನಿಗೆ ಅಪ್ಪ ಅಂದ್ರೆ ಪ್ರಾಣ, ಅವಳಿಗೆ ಅವ್ವನೂ ಅವನೇ ಅಪ್ಪನೂ ಅವನೇ.

ಕಮ್ಮಾರರ ಮನೆ ಹೆಣ್ಣುಮಕ್ಕಳು ಸುಮ್ನೆ ಕೂರೋರಲ್ಲ ಕಣೇ. ಅಪ್ಪ ಇಕ್ಕಳದಲ್ಲಿ ಕೆಂಡದಂಥ ಕಬ್ಬಿಣ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟರೆ, ಎದುರಿಗೆ ನಿಂತು ದೊಡ್ಡ ಚಮ್ಮಟಿಗೆ ಎತ್ತಿ ಎತ್ತಿ ಹೊಡೀತಿದ್ದೋಳು ಹೊನ್ನಿ. ಇನ್ನೊಂದು ಕೆಲಸಾನೂ ಅವಳದೇ. ಊರೋರು ಮುರಿದ ಕತ್ತಿ ತಂದು ಕುಲುಮೆ ಮೂಲೇಲಿ ಬಿಸಾಕಿ ಹೋಗೋರು, ಅದನ್ನ ಆರಿಸಿ ಮತ್ತೆ ಬೆಂಕಿಗೆ ಹಾಕೋದು. ಹತ್ತು ವರ್ಷ ಆರಿಸಿದ್ಲಂತೆ. ಒಂದೊಂದು ತುಂಡೂ ಕೈಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡೋಳಂತೆ. ಬಾಯಿ, ಅಂದ್ರೆ ಕೊಯ್ಯೋ ಅಂಚು, ಮೊಂಡಾಗಿ ಬಂದ ಕತ್ತಿ ಕಡಿಮೆ, ಬೆನ್ನು ಮುರಿದು ಬಂದ ಕತ್ತೀನೇ ಜಾಸ್ತಿ. ಯಾಕಪ್ಪ ಹೀಗೆ ಅಂತ ಅವಳ ತಲೇಲಿ ಒಂದು ಹುಳ ಕೊರೀತಾನೇ ಇತ್ತು.

ಆ ಊರಲ್ಲಿ ಒಂದು ಪದ್ಧತಿ. ವರ್ಷಕ್ಕೊಂದ್ಸಲ ಕಾಳಮ್ಮನ ಪೂಜೆ ದಿನ ಹೊಸ ಕತ್ತಿಗಳನ್ನ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಮೇಲಿಂದ ಒಂದು ವೀಳ್ಯದೆಲೆ ಬಿಡೋರು. ಎಲೆ ತನ್ನ ಭಾರಕ್ಕೇ ಎರಡು ಹೋಳಾದ್ರೆ ಅದೇ ಆ ವರ್ಷದ ಕತ್ತಿ, ಅದನ್ನ ಮಾಡ್ದೋನೇ ಆ ವರ್ಷದ ಗಂಡು. ಕತ್ತಿ ಅಂದ್ರೆ ಬಾಯಿ, ಬಾಯಿ ಅಂದ್ರೆ ಕತ್ತಿ, ಅಷ್ಟೇ ಅವರಿಗೆ ಗೊತ್ತಿದ್ದಿದ್ದು.

ಆ ವರ್ಷ ಮೂರು ಜನಾನೂ ಒಂದೊಂದು ಕತ್ತಿ ಮಾಡಿದ್ರಂತೆ. ವೀರಾಚಾರಿ ಕತ್ತಿ ಎಷ್ಟು ತೆಳ್ಳಗೆ ಅಂದ್ರೆ ಒಂದು ಅಕ್ಕಿಕಾಳಿನ ದಪ್ಪಾನೂ ಇಲ್ಲ, ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸೋದು. ಎಲೆ ಬಿಟ್ರು, ಸದ್ದೇ ಇಲ್ಲದೆ ಎರಡು ಹೋಳಾಯ್ತು. ಜನ ಎಲ್ಲ ಭೇಷ್ ಭೇಷ್ ಅಂದ್ರು. ಆಮೇಲೆ ಚೆನ್ನಾಚಾರಿ ಬಂದ. ಅವನಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು, ಅಣ್ಣ ತೆಳ್ಳಗೆ ಮಾಡ್ದ ಅಂತ ಇವನು ಹೆಬ್ಬೆರಳಿನ ದಪ್ಪ ಮಾಡಿದ್ದ, ಬೆನ್ನೂ ಅಷ್ಟೇ ದಪ್ಪ, ಬಾಯೂ ಹೆಚ್ಚುಕಡಿಮೆ ಅಷ್ಟೇ. ಎಲೆ ಬಿಟ್ರು, ಅದು ಕತ್ತಿ ಮೇಲೆ ಹಾಯಾಗಿ ಕೂತ್ಕೊಂಡ್ತು. ಜನ ಬಿದ್ದು ಬಿದ್ದು ನಕ್ರು. ಆಮೇಲೆ ಹೊನ್ನಿ ತನ್ನ ಕತ್ತಿ ತಂದಿಟ್ಲು. ಅವಳ ಕತ್ತಿಗೆ ಬೆನ್ನು ಒಂದು ಹುಣಸೆಬೀಜದ ದಪ್ಪ, ಅಲ್ಲಿಂದ ಇಳಿಜಾರಾಗಿ ಬಂದು ಬಂದು ಬಾಯಿ ಹತ್ರ ಸಣ್ಣ. ಬೆನ್ನಿನ ದಪ್ಪ ಮೊನೆವರೆಗೂ ಹಾಗೇ ಇತ್ತು. ಎಲೆ ಬಿಟ್ರು, ಅರ್ಧ ಹರೀತು, ಅರ್ಧ ಹಾಗೇ ಉಳೀತು.

ಮಲ್ಲಾಚಾರಿ ಅದನ್ನ ಎತ್ತಿ ಬೆನ್ನು ಸವರಿ ನೋಡಿ, ಏನವ್ವ ಮಗಳೇ, ಇದು ಕತ್ತೀನೋ ಸೌದೆ ಸೀಳೋ ಬೆಣೇನೋ ಅಂತ ಎಲ್ಲರ ಮುಂದೆ ನಕ್ಕುಬಿಟ್ನಂತೆ. ಅವನೇನು ಕೆಟ್ಟೋನಲ್ಲ, ತಮಾಷೆಗೆ ಅಂದ. ಆದ್ರೆ ಬೇರೆ ಯಾರು ನಕ್ಕಿದ್ರೂ ತಡ್ಕೋತಿದ್ಲು, ಅಪ್ಪ ನಕ್ಕಿದ್ದು ಅವಳ ಎದೆಗೆ ಚುಚ್ಚಿಬಿಡ್ತು. ಕಣ್ಣು ತುಂಬ್ಕೊಂಡು ಆ ಕತ್ತೀನ ಒಂದು ಹಳೇ ಬಟ್ಟೇಲಿ ಸುತ್ತಿ ಗಂಜಿ ಪಾತ್ರೆ ಹಿಂದೆ ಇಟ್ಟುಬಿಟ್ಲಂತೆ.

ಹೂಂ ಅನ್ನು. ಹಾಂ, ಹಾಗೆ.

ಪೂಜೆ ಆದ ಮೇಲೆ ಕಬ್ಬಿಣದ ಕಲ್ಲು ತರೋಕೆ ಮನೆ ಹಿರಿಯ ಒಬ್ಬನೇ ಕರಿಬೆಟ್ಟಕ್ಕೆ ಹೋಗಬೇಕು. ಅದು ಕಾಳಮ್ಮನ ಬೆಟ್ಟ. ಅಲ್ಲಿಗೆ ಕೊಡಲಿ ಒಯ್ಯೋ ಹಾಗಿಲ್ಲ, ಹಾರೆ ಒಯ್ಯೋ ಹಾಗಿಲ್ಲ. ಒಂದು ಕಂಬಳಿ, ಒಂದು ಬುತ್ತಿ, ಒಂದು ಕತ್ತಿ, ಅಷ್ಟೇ. ಆ ಒಂದು ಕತ್ತೀಲೇ ದಾರಿ ಬಿಡಿಸ್ಕೋಬೇಕು, ಬೆಂಕಿ ಮಾಡ್ಕೋಬೇಕು, ಕಲ್ಲು ಮೀಟಬೇಕು, ಜೀವ ಉಳಿಸ್ಕೋಬೇಕು. ಮಲ್ಲಾಚಾರಿ ಎಲೆ ಗೆದ್ದ ವೀರಾಚಾರಿ ಕತ್ತೀನೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೊರಟ. ಮೂರನೇ ದಿನ ವಾಪಸ್ ಬರಬೇಕಿತ್ತು. ಬರ್ಲಿಲ್ಲ. ಮಳೆ ಹಿಡ್ಕೊಂಡ್ತು. ನಾಲ್ಕನೇ ದಿನಾನೂ ಇಲ್ಲ. ಹೊನ್ನಿ ಒಲೆ ಮೇಲೆ ಮುದ್ದೆಗೆ ಎಸರಿಡೋದು, ಬಾಗಿಲಿಗೆ ಬಂದು ನೋಡೋದು, ಎಸರು ಬತ್ತೋದು, ಮತ್ತೆ ಇಡೋದು.

ಐದನೇ ದಿನ ಬೆಳಕು ಹರಿಯೋ ಹೊತ್ಗೆ ಅಣ್ಣಂದಿರಿಬ್ರೂ ಹೊರಟ್ರು. ಚೆನ್ನಾಚಾರಿ ಮಧ್ಯಾಹ್ನಕ್ಕೇ ವಾಪಸ್. ಬೆಟ್ಟದ ಬಾಗಿಲಲ್ಲೇ ಬಳ್ಳಿ, ಮುಳ್ಳು, ಬಿದಿರು ಹೆಣ್ಕೊಂಡು ಬಿದ್ದಿತ್ತಂತೆ, ಅವನ ಹೆಬ್ಬೆರಳು ದಪ್ಪದ ಕತ್ತಿ ಬಳ್ಳೀನ ಜಜ್ಜಿತೇ ಹೊರತು ಕಡೀಲಿಲ್ಲ. ಎತ್ತಿ ಎತ್ತಿ ರಟ್ಟೆ ಬಿದ್ದುಹೋಯ್ತು ಕಣವ್ವ ಅಂತ ಜಗಲಿ ಮೇಲೆ ಕುಸಿದು ಕೂತ. ವೀರಾಚಾರಿ ತಾನು ಮಾಡಿದ್ದ ಇನ್ನೊಂದು ತೆಳು ಕತ್ತಿ ಒಯ್ದಿದ್ದ. ಬಳ್ಳಿ ಎಲ್ಲ ಸರಸರ ಕಡಿದು ಮೇಲಕ್ಕೆ ಹೋದ. ಹೋದ್ರೆ, ಮೈಯೆಲ್ಲ ನೆನೆದು ಹಲ್ಲು ಕಟಕಟ, ಬೆಂಕಿ ಬೇಕು. ಕಟ್ಟಿಗೆ ಎಲ್ಲ ಒದ್ದೆ, ಕೊರಡಿನ ಒಳಗಿನ ತಿರುಳು ಮಾತ್ರ ಒಣಗಿರುತ್ತೆ, ಅದಕ್ಕೆ ಸೀಳಬೇಕು. ಕತ್ತೀನ ಕೊರಡಿಗೆ ಇಟ್ಟು ಬೆನ್ನಿನ ಮೇಲೆ ಹೊಡೆದ್ನಂತೆ. ಒಂದು ಏಟಿಗೆ ಕತ್ತಿ ಸೊಟ್ಟ ಆಯ್ತು, ಎರಡನೇ ಏಟಿಗೆ ಲಟ್ ಅಂತ ಎರಡಾಯ್ತು. ಬೆಂಕಿ ಇಲ್ಲ, ಕತ್ತಿ ಇಲ್ಲ. ಮಾರನೇ ದಿನ ಜ್ವರ ಹತ್ತಿಸ್ಕೊಂಡು, ಬರೀ ಹಿಡಿ ಕೈಲಿ ಹಿಡ್ಕೊಂಡು ಮನೆಗೆ ಬಂದ. ಅದನ್ನ ತಂಗಿ ಕೈಗೆ ಕೊಟ್ಟು, ಹೊನ್ನಿ, ಅಪ್ಪನ ಹತ್ರ ಇರೋದೂ ಇಂಥದೇ ಕಣೇ ಅಂತ ಗೊಳೋ ಅಂತ ಅತ್ತನಂತೆ.

ಹೊನ್ನಿ ಎದ್ದು ಒಳಗೆ ಹೋದ್ಲು. ಗಂಜಿ ಪಾತ್ರೆ ಹಿಂದಿನ ಬಟ್ಟೆ ಗಂಟು ಬಿಚ್ಚಿದ್ಲು. ಕತ್ತಿ ಸೊಂಟಕ್ಕೆ, ಕಂಬಳಿ ತಲೆಗೆ, ರಾಗಿ ರೊಟ್ಟಿ ಮಡಿಲಿಗೆ. ಹೆಣ್ಣುಮಗಳು ಆ ಬೆಟ್ಟ ಹತ್ತಬಾರದು ಅಂತ ಯಾರೋ ಅಂದ್ರಂತೆ. ಕಾಳಮ್ಮ ಏನು ಗಂಡಸಾ ಅಂತ ಕೇಳಿ ಹೊರಟೇಬಿಟ್ಲು.

ಬೆಟ್ಟದ ಬಾಗಿಲಿಗೆ ಬಂದ್ಲು. ಚೆನ್ನಾಚಾರಿ ಸೋತ ಜಾಗ ದಾಟಿದ್ರೆ ಮುಂದೆ, ವೀರಾಚಾರಿ ಇಳಿದು ಬಂದ ಮೇಲೆ, ಒಂದು ಬಿದಿರುಮೆಳೇನೇ ಬುಡ ಸಮೇತ ಉರುಳಿ ದಾರಿ ಮುಚ್ಚಿದೆ. ಬಳ್ಳಿಗೆ ಕತ್ತಿಯ ಸಣ್ಣ ಬಾಯಿ ಸಾಕಾಯ್ತು. ಬಿದಿರಿನ ಗಿಣ್ಣು ಬಂದಾಗ ಬೆನ್ನಿನ ಭಾರ ಹಿಂದಿನಿಂದ ತಳ್ತು. ದೊಡ್ಡಣ್ಣನ ತೆಳು ಕತ್ತಿ ಆಗಿದ್ರೆ ಗಿಣ್ಣಿನಲ್ಲಿ ಸಿಕ್ಕಿ ನಡುಗೋದು, ಚಿಕ್ಕಣ್ಣನದು ಆಗಿದ್ರೆ ಬರೀ ಜಜ್ಜೋದು, ಇದು ಹಾಗಲ್ಲ. ಕಡೀತು, ಸೀಳ್ತು, ಆ ಕಡೆ ಬೆಳಕು ಕಾಣ್ತು. ಮೆಳೆಯಿಂದ ಆಚೆ ಬಂದು ತಲೆ ಎತ್ತಿದ್ಲು ನೋಡು, ಅಬ್ಬಬ್ಬಾ! ಕರಿಬೆಟ್ಟ ಎದುರಿಗೇ ನಿಂತಿದೆ. ಮಳೆಗೆ ನೆನೆದು ಇಡೀ ಬೆಟ್ಟ ಕಬ್ಬಿಣದ ಹಾಗೆ ಕಪ್ಪಗೆ ಹೊಳೀತಿದೆ, ನೂರು ಕಡೆಯಿಂದ ಬೆಳ್ಳಗೆ ನೀರು ಬೀಳ್ತಿದೆ, ಮೋಡ ಅದರ ಸೊಂಟಕ್ಕೆ ಬಂದು ನಿಂತಿದೆ. ಇಷ್ಟು ವರ್ಷ ಬಡಿದಿದ್ದು ಈ ತಾಯಿ ಮೈಯ ಒಂದೊಂದು ತುಣುಕನ್ನಾ ಅಂತ ಅವಳಿಗೆ ಮೈ ಜುಂ ಅಂತು. ಕೆಸರಲ್ಲೇ ಅಡ್ಡಬಿದ್ಲಂತೆ.

ಇಳಿಹೊತ್ತಿಗೆ ಚಳಿ ಮೂಳೆಗೆ ಇಳೀತು. ವೀರಾಚಾರಿ ಕತ್ತಿಯ ತುಂಡು ಇನ್ನೂ ಆ ಕೊರಡಲ್ಲೇ ಸಿಕ್ಕಿತ್ತು. ಪಕ್ಕದಲ್ಲೇ ಹೊನ್ನಿ ತನ್ನ ಕತ್ತಿ ಇಟ್ಟು, ಇನ್ನೊಂದು ಕಟ್ಟಿಗೆ ತಗೊಂಡು ಬೆನ್ನಿನ ಮೇಲೆ ಹೊಡೆದ್ಲು. ಒಂದು, ಎರಡು, ಮೂರು. ಬೆನ್ನು ಏಟು ತಿಂತು, ಬಾಯಿ ಇಳೀತು, ಕೊರಡು ಎರಡಾಗಿ ಬಿಚ್ಕೊಂಡು ಒಳಗಿಂದ ಒಣಗಿದ ಕೆಂಪು ತಿರುಳು ಕಾಣ್ತು. ಚಕಮಕಿ ಕಲ್ಲಲ್ಲಿ ಬೆಂಕಿ ಹತ್ತಿಸಿ ಮೈ ಕಾಸ್ಕೊಂಡ್ಲು. ಕತ್ತೀನ ಬೆಂಕಿ ಬೆಳಕಿಗೆ ಹಿಡಿದು ನೋಡಿದ್ರೆ ಕೂದಲೆಳೆಯಷ್ಟೂ ಬಾಗಿಲ್ಲ. ತಾನೇ ಮಾಡಿದ ಕತ್ತಿ, ಆದ್ರೂ ಅವಳಿಗೇ ಭಯಭಕ್ತಿ ಬಂದುಬಿಡ್ತು.

ಬೆಳಗ್ಗೆ ಎದ್ದು ಅಪ್ಪಾ, ಅಪ್ಪಾ ಅಂತ ಕೂಗ್ತಾ ಹೋದ್ಲು. ಬೆಟ್ಟವೇ ಅಪ್ಪಾ ಅಪ್ಪಾ ಅಂತ ತಿರುಗಿ ಕೂಗ್ತು. ಕಬ್ಬಿಣದ ಕಲ್ಲು ತೆಗೆಯೋ ಗುಂಡಿ ಹತ್ರ ಬಂದಾಗ ಮಾತ್ರ ಕೆಳಗಿಂದ ಸಣ್ಣ ದನಿ, ಯಾರವ್ವಾ ಅಂತ. ಬಗ್ಗಿ ನೋಡ್ತಾಳೆ, ಎರಡಾಳು ಆಳದ ಗುಂಡಿ, ತಳದಲ್ಲಿ ಮಲ್ಲಾಚಾರಿ. ಒಂದು ಬಂಡೆ ಜರುಗಿ ಅವನ ಪಾದ ಹಿಡ್ಕೊಂಡಿದೆ. ಪಕ್ಕದಲ್ಲಿ ಎಲೆ ಗೆದ್ದ ಕತ್ತಿ ಮೂರು ತುಂಡಾಗಿ ಬಿದ್ದಿದೆ. ಬುತ್ತಿ ಮುಗಿದು, ಬಂಡೆ ಮೇಲಿಂದ ಒಸರೋ ನೀರು ನೆಕ್ಕಿ ಜೀವ ಹಿಡ್ಕೊಂಡಿದ್ನಂತೆ. ಗುಂಡಿ ತಳಕ್ಕೆ ಮಳೆನೀರು ಬೇರೆ ತುಂಬ್ತಾ ಇತ್ತು, ಆಗಲೇ ಅವನ ಸೊಂಟ ಮುಟ್ಟಿತ್ತು.

ಹೊನ್ನಿ ಬಳ್ಳಿ ಕಡಿದು ಮರಕ್ಕೆ ಬಿಗಿದು ಜಾರ್ಕೊಂಡು ಇಳಿದ್ಲು. ಅವಳು ಕತ್ತಿ ತೆಗೆದಿದ್ದೇ ತಡ ಮಲ್ಲಾಚಾರಿ ಕೈ ಹಿಡ್ಕೊಂಡ. ಬೇಡ ಮಗಳೇ, ಕಲ್ಲಿಗೆ ಹಾಕಿದ್ರೆ ಮುರಿಯುತ್ತೆ, ನನ್ನನ್ನ ಬಿಟ್ಟು ನೀನು ಹತ್ತಿ ಹೋಗು ಅಂದ್ನಂತೆ. ಅದಕ್ಕೆ ಹೊನ್ನಿ, ಇದು ಬೆಣೆ ಕಣಪ್ಪ, ನೀನೇ ಅಂದಿದ್ಯಲ್ಲ ಅಂದ್ಲು. ಅಷ್ಟೇ ಅಂದಿದ್ದು. ಅವನು ತಲೆ ತಗ್ಗಿಸಿ ಕೈ ಬಿಟ್ಟ.

ಬಂಡೆ ಅಡಿಗೆ ಮೊನೆ ತೂರಿಸಿದ್ಲು. ಮೊನೇಲೂ ಬೆನ್ನಿತ್ತಲ್ಲ, ತೂರಿದ್ದು ಬಾಗದೆ ನಿಂತ್ಕೊಂಡ್ತು. ಮೀಟಿದ್ಲು. ಬಂಡೆ ಒಂದು ರಾಗಿಕಾಳಿನಷ್ಟು ಎದ್ದಿತು, ಸಂದಿಗೆ ಚೂರು ಕಲ್ಲು ತುರುಕಿದ್ಲು. ಮತ್ತೆ ಮೀಟಿದ್ಲು, ಒಂದು ಅಕ್ಕಿಕಾಳಿನಷ್ಟು. ಮತ್ತೆ ಕಲ್ಲು. ನೀರು ಎದೆಗೆ ಬಂತು. ಮೂರನೇ ಸಲ ಕಾಳಮ್ಮಾ ಅಂತ ಮೈಯೆಲ್ಲಾ ಹಾಕಿ ಒತ್ತಿದ್ಲು. ಕತ್ತಿ ಒಳಗಿಂದ ಕಿಣ್ ಅಂತ ಒಂದು ಸದ್ದು ಬಂತಂತೆ, ಗಂಟೆ ಸದ್ದಿನ ಹಾಗೆ. ಮುರೀತು ಅಂದ್ಕೊಂಡ್ರು ಇಬ್ರೂ. ಮುರಿದಿದ್ದು ಕತ್ತಿ ಅಲ್ಲ, ಬಂಡೆಯ ಮೂಲೆ! ಪಾದ ಆಚೆಗೆ ಬಂತು.

ಆದ್ರೆ ಹತ್ತೋದು ಹೇಗೆ? ಅವನ ಒಂದು ಕಾಲು ಜಜ್ಜಿಹೋಗಿದೆ, ಬರೀ ಬಳ್ಳಿ ಹಿಡಿದು ಹತ್ತೋ ತ್ರಾಣ ಇಲ್ಲ, ಗೋಡೇಲಿ ಕಾಲಿಡೋಕೆ ಒಂದು ಮೆಟ್ಟಿಲೂ ಇಲ್ಲ. ಹೊನ್ನಿ ನೋಡಿದ್ಲು, ಎದೆ ಎತ್ತರಕ್ಕೆ ಒಂದು ಬಿರುಕು. ಕತ್ತೀನ ಅದಕ್ಕೆ ಇಟ್ಟು ಕಲ್ಲು ತಗೊಂಡು ಹಿಡಿವರೆಗೂ ಜಡಿದ್ಲು. ಹಿಡಿ ಆಚೆಗೆ ಒಂದು ಮೆಟ್ಟಿಲಾಗಿ ನಿಂತ್ಕೊಂಡ್ತು. ಅಪ್ಪಾ, ನನ್ನ ಹೆಗಲ ಮೇಲೆ ಒಂದು ಕಾಲು, ಕತ್ತಿ ಮೇಲೆ ಒಂದು ಕಾಲು, ಆಮೇಲೆ ಬಳ್ಳಿ ಅಂದ್ಲು. ಮಲ್ಲಾಚಾರಿ ಅಡಿಗಲ್ಲಿನಂಥಾ ಆಳು. ಜನ್ಮವಿಡೀ ಕತ್ತಿ ಮಾಡಿದೋನು, ಯಾವತ್ತೂ ಒಂದು ಕತ್ತಿ ಮೇಲೆ ತನ್ನ ಭಾರ ಬಿಟ್ಟೋನಲ್ಲ. ಕಣ್ಣು ಮುಚ್ಕೊಂಡು ಕಾಲಿಟ್ಟ. ಕತ್ತಿ ಅಲುಗಲಿಲ್ಲ. ಹತ್ತಿಬಿಟ್ಟ! ಹಿಂದೇನೇ ಹೊನ್ನಿ ಅದೇ ಮೆಟ್ಟಿಲು ತುಳಿದು ಮೇಲಕ್ಕೆ ಬಂದ್ಲು. ಮೇಲೆ ಬಂದು ಅಪ್ಪ ಮಗಳು ಒಬ್ಬರನ್ನೊಬ್ಬರು ತಬ್ಕೊಂಡು ಅತ್ರಂತೆ, ಮಳೆ ಯಾವುದು ಕಣ್ಣೀರು ಯಾವುದು ಗೊತ್ತಾಗ್ಲಿಲ್ಲವಂತೆ.

ಕತ್ತಿ ಬಂಡೇಲೇ ಉಳೀತು. ಇವತ್ತಿಗೂ ಕಲ್ಲು ತರೋಕೆ ಹೋದೋರು ಅದರ ಮೇಲೇ ಕಾಲಿಟ್ಟು ಇಳೀತಾರಂತೆ, ಅದರ ಮೇಲೇ ಕಾಲಿಟ್ಟು ಹತ್ತುತಾರಂತೆ.

ಮರುವರ್ಷ ಪೂಜೆ ಬಂತು. ಹೊನ್ನಿ ಇನ್ನೊಂದು ಕತ್ತಿ ಮಾಡಿದ್ಲು, ಅದೇ ಹುಣಸೆಬೀಜದ ದಪ್ಪ. ಊರೆಲ್ಲ ಸೇರಿತ್ತು, ತಟ್ಟೇಲಿ ವೀಳ್ಯದೆಲೆ ತಂದ್ರು. ಮಲ್ಲಾಚಾರಿ ಕುಂಟ್ತಾ ಎದ್ದು ಬಂದ. ಎಲೆ ಕೈಗೆ ತಗೊಂಡ, ಎಲ್ಲರೂ ಬಿಡ್ತಾನೆ ಬಿಡ್ತಾನೆ ಅಂತ ಕಾಯ್ತಿದ್ರೆ, ಇವನು ಕತ್ತೀನ ಅಡಿಗಲ್ಲು ಕೂರಿಸಿದ್ದ ಮರದ ದಿಮ್ಮಿ ಬಿರುಕಿಗೆ ಜಡಿದು, ಅದರ ಮೇಲೆ ಹತ್ತಿ ಸೆಟೆದು ನಿಂತ್ನಂತೆ. ಅಲ್ಲೇ ನಿಂತ್ಕೊಂಡು ಎಲೆಗೆ ಸುಣ್ಣ ಸವರಿ, ಅಡಿಕೆ ಹಾಕಿ, ಮಡಿಚಿ ಬಾಯಿಗೆ ಇಟ್ಕೊಂಡು ನಿಧಾನವಾಗಿ ಅಗಿಯೋಕೆ ಶುರು ಮಾಡ್ದ. ಏನು ಆಚಾರ್ರೇ, ಪರೀಕ್ಷೆ ಮಾಡಲ್ವಾ ಅಂತ ಕೇಳಿದ್ರೆ, ಎಲೆ ಇರೋದು ಹಾಕ್ಕೊಳ್ಳೋಕೆ ಕಣ್ರಯ್ಯಾ, ಪರೀಕ್ಷೆ ನನ್ನ ಕಾಲಡೀಲಿ ಆಗ್ತಾ ಇದೆ ಅಂದ್ನಂತೆ. ಆಮೇಲೆ ಇಳಿದು, ಎಲ್ಲರ ಮುಂದೆ ನಕ್ಕಿದ್ದ ಬಾಯಲ್ಲೇ ಎಲ್ಲರ ಮುಂದೆ ಹೇಳ್ದ: ತಪ್ಪಾಯ್ತು ಮಗಳೇ.

ಆವತ್ತಿಂದ ಆ ಊರಲ್ಲಿ ಕಾಡಿಗೆ ಹೋಗೋ ಕತ್ತಿ ಮಾಡ್ದೋರು ಮೊದಲು ತಾವೇ ಅದರ ಮೇಲೆ ನಿಂತು, ಆಮೇಲೆ ಇನ್ನೊಬ್ಬರ ಕೈಗೆ ಕೊಡ್ತಾರಂತೆ. ವೀರಾಚಾರಿ ತರಕಾರಿಗೆ ತೆಳ್ಳನೆ ಚಾಕು ಮಾಡ್ತಾ, ಚೆನ್ನಾಚಾರಿ ಬೆಣೆ ಮಾಡ್ತಾ, ಹೊನ್ನಿ ಕಾಡಿನ ಕತ್ತಿ ಮಾಡ್ತಾ, ಅಪ್ಪ ಎದುರಿಗೆ ಕೂತು ಎಲೆಅಡಿಕೆ ಹಾಕ್ಕೊಳ್ತಾ, ಎಲ್ಲರೂ ಸುಖವಾಗಿದ್ರಂತೆ.

ಹೂಂ ನಿಂತೇಹೋಯ್ತಾ? ಮಲಗು ಮಗಾ. ಕುಲುಮೆ ಬೆಂಕಿ ಆರ್ತು, ಕತೆ ಅಲ್ಲಿಗೇ ಮುಗೀತು. ನಾಳೆ ನಿಮ್ಮಪ್ಪಂಗೆ ಹೇಳ್ತೀನಿ, ಕಾಯಿ ಮೀಟೋಕೆ ಬೆನ್ನಿರೋದು ಒಂದು ತಂದಿಡಪ್ಪ ಅಂತ.