ಹೊನ್ನಿ ತಲೆಯ ಗಂಟು

ಹೆಂಡತಿ ಕೊನೆಗೆ ಹೇಳಿದ್ದು ಇಷ್ಟು. "ಹೊನ್ನಿ ತಲೆಗೆ ಬಾಚಣಿಗೆ ಹಾಕಬ್ಯಾಡ. ಕೈಯಾಗೇ ಬಿಡಿಸು. ಅಳಿಸಬ್ಯಾಡ."

"ಆಗಲಿ," ಅಂದೆ. ಅವಳು ಕಣ್ಣು ಮುಚ್ಚಿದಳು.

ನಾನು ಕಂಬಳಿ ನೇಯುವವನು. ಪೆದ್ದ. ಊರೇ ಹೇಳುತ್ತದೆ. ಊರಿಗಿಂತ ಮೊದಲು ನಮ್ಮವ್ವ ಹೇಳುತ್ತಾಳೆ. ಹೊನ್ನಿ ನನ್ನ ಮಗಳು, ಆರು ವರ್ಷ. ಕೂದಲು ಅವರಮ್ಮನದೇ. ಗುಂಗುರು. ಕರಿ ಕುರಿಮರಿಯ ಉಣ್ಣೆ ಹಾಗೆ ಸುರುಳಿ ಸುರುಳಿ. ಹದಿನೈದು ದಿನ ಯಾರೂ ಮುಟ್ಟಲಿಲ್ಲ. ಗಂಟು ಕಟ್ಟಿತು.

ಅವ್ವ ಹೇಳಿದಳು, "ಭಾನುವಾರದೊಳಗೆ ಬಿಡಿಸು. ಇಲ್ಲಾಂದ್ರೆ ಕ್ಷೌರದ ಚಿತ್ತಣ್ಣನ್ನ ಕರೆಸಿ ಬೋಳಿಸಿಬಿಡ್ತೀನಿ!"

ಹೊನ್ನಿ ಎರಡೂ ಕೈಲಿ ತಲೆ ಹಿಡಿದುಕೊಂಡಳು. "ಬ್ಯಾಡ ಅಜ್ಜಿ! ಇದು ಅಮ್ಮನ ಕೂದಲು!"

ಬುಧವಾರ ಬಿಡಿಸಲು ಕೂತೆ. ಬುಡಕ್ಕೆ ಬೆರಳು ಹಾಕಿ ಎಳೆದೆ. ಹೊನ್ನಿ ಕಿರುಚಿದಳು. ಅವ್ವ ಓಡಿ ಬಂದಳು.

"ಲೋ ಮಂಕೆ! ಬುಡಕ್ಕೆ ಕೈ ಹಾಕ್ತಾರೇನೋ! ತುದಿ ಮೊದಲು, ಬುಡ ಕೊನೆಗೆ!"

"ಆಗಲಿ ಅವ್ವ."

ಗುರುವಾರ ಅವ್ವ ಹುಣಸೆಹಣ್ಣು ತರಲು ಹೇಳಿದಳು. ಕಂಬಳಿ ನೂಲಿಗೆ ಬಳಿಯುವ ಅಂಟು ಹುಣಸೆ ಬೀಜದ್ದೇ. ಮನೆಗೆ ಒತ್ತಿಕೊಂಡೇ ಇರುವ ಮರದ ಹತ್ತಿರ ಹೋದೆ. ತುದಿ ಮೊದಲು, ಬುಡ ಕೊನೆಗೆ. ಬುಡ ಮುಟ್ಟದೆ ತುದಿಗೆ ಹೋಗೋದು ಹೆಂಗೆ? ಮನೆ ಮಾಳಿಗೆ ಹತ್ತಿದೆ. ಕೊಂಬೆ ತುದಿಗೆ ನೆಗೆದೆ. ಕೊಂಬೆ ಮುರಿಯಿತು. ಮರದ ಬುಡದಲ್ಲಿ ತಿಪ್ಪೆ ಇತ್ತು, ಅದರಲ್ಲಿ ಬಿದ್ದೆ. ಸರಿಯಾಗೇ ಆಯ್ತಲ್ಲ ಅಂದುಕೊಂಡೆ. ತುದಿ ಮೊದಲು, ಬುಡ ಕೊನೆಗೆ.

"ಲೋ ಮಂಕೆ! ಮರಕ್ಕೆ ನೆಗೀತಾರೇನೋ! ಬುಡ ಗಟ್ಟಿ ಹಿಡಿದು ಅಲ್ಲಾಡಿಸಬೇಕು! ತಾನೇ ಉದುರ್ತದೆ!"

"ಆಗಲಿ ಅವ್ವ."

ಶುಕ್ರವಾರ ಹೊನ್ನಿಯನ್ನು ಕೂರಿಸಿಕೊಂಡೆ. ಕೂದಲ ಬುಡ ಗಟ್ಟಿ ಹಿಡಿದೆ. ಅಲ್ಲಾಡಿಸಿದೆ.

"ಅಪ್ಪಾ, ಊರು ತಿರುಗ್ತೈತೆ!"

"ಗಂಟು ಉದುರಿತಾ?"

"ಹಲ್ಲು ಉದುರಿತು!"

ನೋಡಿದರೆ ನಿಜ. ಸಡಿಲವಾಗಿದ್ದ ಹಾಲುಹಲ್ಲು ಅಂಗೈಲಿ ಹಿಡಿದು ನಗುತ್ತಾಳೆ. ನಾನೂ ನಕ್ಕೆ. ಅವ್ವ ನಗಲಿಲ್ಲ.

"ಲೋ ಮಂಕೆ! ಮಗು ಏನು ಮರವೇನೋ! ನೀರು ಚಿಮುಕಿಸಿ, ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಬಿಡಿಸಬೇಕು!"

"ಆಗಲಿ ಅವ್ವ."

ಶನಿವಾರ ಕಂಬಳಿಗೆ ಉದ್ದಕ್ಕೆ ಕಟ್ಟಿದ್ದ ನೂಲು ಸಿಕ್ಕಾಯಿತು. ನೀರು ಚಿಮುಕಿಸಿದೆ. ಕಡಲೆಕಾಯಿ ಎಣ್ಣೆ ಹಚ್ಚಿದೆ. ಡಬ್ಬಿ ಪೂರ್ತಿ. ನೂಲು ಮೆತ್ತಗಾಯಿತು. ಬೀದಿನಾಯಿಗಳು ಬಂದವು. ಒಂದು ಈ ಕಡೆಯಿಂದ ನೆಕ್ಕಿತು, ಒಂದು ಆ ಕಡೆಯಿಂದ ನೆಕ್ಕಿತು. ನಡುವೆ ಎರಡೂ ಸೇರಿ ಕಚ್ಚಾಡಿದವು.

"ಲೋ ಮಂಕೆ! ನೂಲಿಗೆ ಎಣ್ಣೆಯೇನೋ! ಹುಣಸೆ ಬೀಜದ ಅಂಟು ಬಳೀಬೇಕು! ಎಳೆದು ಗೂಟಕ್ಕೆ ಕಟ್ಟಿ ಬಿಸಿಲಿಗೆ ಬಿಡಬೇಕು! ಆಗ ಗಂಟೇ ಬೀಳಲ್ಲ!"

"ಗಂಟೇ ಬೀಳಲ್ವಾ ಅವ್ವ?"

"ಬೀಳಲ್ಲ!"

ಇದನ್ನ ಬುಧವಾರವೇ ಹೇಳಬಾರದಾ, ಅಂದುಕೊಂಡೆ.

ಭಾನುವಾರ ಅಂಟು ಕಾಯಿಸಿದೆ. ಆರಿಸಿದೆ. ಹೊನ್ನಿ ತಲೆಗೆ ಬಳಿದೆ. ಎರಡು ಗೂಟ ನೆಟ್ಟೆ. ಅರ್ಧ ಕೂದಲು ಈ ಗೂಟಕ್ಕೆ, ಅರ್ಧ ಆ ಗೂಟಕ್ಕೆ.

"ಅಪ್ಪಾ, ನಾನು ಕಂಬಳಿ ಆಗ್ತೀನಾ?"

"ಮಾತಾಡಬ್ಯಾಡ, ಒಣಗು."

ಒಣಗಿತು. ಗೂಟ ಬಿಚ್ಚಿದರೆ ಕೂದಲು ಎರಡು ಹಲಗೆ ಹಾಗೆ ನಿಂತಿತು. ತಟ್ಟಿದರೆ ಟಕ್ ಟಕ್ ಅಂತು. ಕೋಳಿ ಹಾರಿ ಒಂದರ ಮೇಲೆ ಕೂತಿತು.

ಅವ್ವ ನೋಡಿದಳು. ಹಣೆ ಚಚ್ಚಿಕೊಂಡಳು. "ಮುಗೀತು! ಚಿತ್ತಣ್ಣನಿಗೆ ಹೇಳಿ ಕಳಿಸ್ತೀನಿ. ನಾಳೆ ಬೆಳಿಗ್ಗೆ ಬೋಳಿಸೋದೇ!" ಹೇಳಿಯೂ ಕಳಿಸಿದಳು.

ಹೊನ್ನಿ ನಗುವುದು ನಿಲ್ಲಿಸಿದಳು. "ಅಪ್ಪಾ, ಅಮ್ಮ ಏನು ಹೇಳಿದ್ಲು?"

"ಕೈಯಾಗೇ ಬಿಡಿಸು ಅಂದ್ಲು."

"ಹಂಗೇ ಮಾಡು."

ಬಿಸಿನೀರು ಹುಯ್ದೆ. ಹುಯ್ದೆ, ಹುಯ್ದೆ. ಅಂಟು ಬಿಟ್ಟಿತು. ಒಂದು ಸುರುಳಿ ಹಿಡಿದೆ. ಬುಡ ಎಳೆಯದ ಹಾಗೆ ಮೇಲೆ ಒಂದು ಕೈ. ಕೆಳಗೆ ಒಂದು ಕೈ. ತುದಿಯಿಂದ, ಎಳೆ ಎಳೆಯಾಗಿ. ಆಮೇಲೆ ಇನ್ನೊಂದು ಸುರುಳಿ. ಆಮೇಲೆ ಇನ್ನೊಂದು. ಹೊತ್ತು ಮುಳುಗುವಾಗ ಮುಗಿಯಿತು. ಹೊನ್ನಿ ಅಳಲಿಲ್ಲ.

ಅವ್ವ ಮುಟ್ಟಿ ನೋಡಿದಳು. ಸೆರಗಲ್ಲಿ ಮೂಗು ಒರೆಸಿಕೊಂಡಳು. "ಥೇಟ್ ಅವಳದೇ," ಅಂದಳು. ಆಮೇಲೆ, "ಚಿತ್ತಣ್ಣ ಮೂರು ಮೈಲಿ ನಡೆದು ಬರ್ತಾನೆ. ಬಂದವನ್ನ ಸುಮ್ಮನೆ ಕಳಿಸಬ್ಯಾಡ," ಅಂದಳು.

"ಆಗಲಿ ಅವ್ವ."

ಬೆಳಿಗ್ಗೆ ಚಿತ್ತಣ್ಣ ಬಂದ. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು.

"ಎಲ್ಲಪ್ಪ ಮಗು?"

"ಮಗುದು ಕೊಡಲ್ಲ. ನಿನ್ನ ಸುಮ್ಮನೆ ಕಳಿಸಬಾರದು ಅಂದಾಳೆ ಅವ್ವ. ನಂದು ತಗೋ."

"ಎಷ್ಟು?"

"ಪೂರ್ತಿ. ಮೀಸೇನೂ ತಗೋ."

ನಮ್ಮಲ್ಲಿ ಗಂಡಸು ತಲೆ, ಮೀಸೆ ಎರಡೂ ತೆಗೆಸಿದ ಅಂದರೆ ಹೆತ್ತವರು ಹೋದರು ಅಂತ. ಅಪ್ಪ ಹೋಗಿ ಹತ್ತು ವರ್ಷ. ಪಕ್ಕದ ಮನೆ ತಿಪ್ಪಕ್ಕ ನನ್ನ ತಲೆ ನೋಡಿದಳು. ಕೊಡ ಬಿಟ್ಟಳು. "ಅಯ್ಯೋ ಮಾರಕ್ಕಾ! ಹೋಗಿಬಿಟ್ಯಾ!" ಅಂತ ಅವ್ವನ ಹೆಸರು ಹಿಡಿದು ಎದೆ ಬಡಿದುಕೊಂಡಳು. ಬೀದಿ ಪೂರ್ತಿ ಬಂತು. ಎಲ್ಲರೂ ಅತ್ತರು. ನನಗೂ ಅಳು ಬಂತು.

ಅವ್ವ ಕೈಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. "ಯಾರ್ಲಾ ಸತ್ತಿದ್ದು?"

"ನೀನೇ ಅಂತೆ ಅವ್ವ."

ಅವ್ವ ಮೊರ ಎತ್ತಿದಳು. ಹೊನ್ನಿ ನಡುವೆ ನುಗ್ಗಿ, ಕೂತೇ ಇದ್ದ ನನ್ನ ಬೋಳು ತಲೆ ಮೇಲೆ ಕೈಯಾಡಿಸಿದಳು.

"ಅಜ್ಜಿ, ನೋಡು! ಒಂದು ಗಂಟೂ ಇಲ್ಲ!"